ಪ್ರೀ-ಮೆಡ್ (ಮುಂದೆ ಮೆಡಿಕಲ್ ಓದಲಿರುವ) ವಿದ್ಯಾರ್ಥಿಗೆ ಮೊದಲ ವರ್ಷ ಯಾವ ಸೆಮಿನಾರ್?

ಊರಿನಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದರೆ ನೇರ ಎಂಬಿಬಿಎಸ್. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್ ಸ್ಕೂಲು. ಹಾಗಾಗಿ ಇಲ್ಲಿನ ಕನ್ನಡದ ಮನೆಗಳಲ್ಲಿ ಫಸ್ಟ್ ಇಯರ್ ಸೆಮಿನಾರಿನ (ಒಂದೇ ವಿಷಯ ಹಿಡಿದು ಓದಿ, ಚರ್ಚಿಸಿ, ಬರೆಯುವ ಸಣ್ಣ ತರಗತಿ) ಪಟ್ಟಿ ಬಂದಾಗ ಅಪ್ಪ-ಅಮ್ಮನ ಬೆರಳು ಹೋಗುವುದು ಹೆಸರಿನಲ್ಲಿ ‘ಮೆಡಿಸಿನ್’ ಇರುವ ಕೋರ್ಸಿನ ಮೇಲೆಯೇ.

ಹೆಸರಿನಿಂದ ಲಾಭವಿಲ್ಲ. ಮೆಡಿಕಲ್ ಸ್ಕೂಲಿನ ಅರ್ಜಿ ಹೋಗುವ ಕೇಂದ್ರ ವ್ಯವಸ್ಥೆ ಆಮ್‌ಕ್ಯಾಸ್‌ನಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಸೇರಿಸಿ ಸೈನ್ಸ್ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುತ್ತಾರೆ. ಕೋರ್ಸನ್ನು ವಿಂಗಡಿಸುವುದು ಅದರ ಒಳಗಿನ ಪಾಠ ನೋಡಿ. ಸಾಂಕ್ರಾಮಿಕ ರೋಗಗಳ ಚರಿತ್ರೆ ಓದಿದರೆ ಅದು ಚರಿತ್ರೆಯ ಲೆಕ್ಕಕ್ಕೇ ಹೋಗುತ್ತದೆ.

ಮೊದಲು ನೋಡಬೇಕಾದದ್ದು ಬರವಣಿಗೆ. ಅನೇಕ ಮೆಡಿಕಲ್ ಸ್ಕೂಲುಗಳು ಇಂಗ್ಲಿಷ್ ಅಥವಾ ಬರವಣಿಗೆಗೆ ಒತ್ತು ಕೊಡುವ ಕೋರ್ಸು ಕೇಳುತ್ತವೆ. ಕೆಲವು ಕಡೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಓದಿದ ಎಪಿ ಇಂಗ್ಲಿಷ್ ನಡೆಯುವುದಿಲ್ಲ. ಸೆಮಿನಾರ್ ಆ ಕೊರತೆ ತುಂಬುತ್ತದೆಯೇ ಎಂದು ಅಡ್ವೈಸರ್ ಬಳಿ ಕೇಳಿಕೊಳ್ಳಿ. ಕಾಲೇಜಿನಿಂದ ಕಾಲೇಜಿಗೆ ವ್ಯತ್ಯಾಸವಿದೆ. ಪ್ರಿನ್ಸ್‌ಟನ್‌ನಲ್ಲಿ ರೈಟಿಂಗ್ ಸೆಮಿನಾರ್ ಎಲ್ಲರಿಗೂ ಕಡ್ಡಾಯ, ಫ್ರೆಶ್‌ಮನ್ (ಮೊದಲ ವರ್ಷದ) ಸೆಮಿನಾರ್ ಬೇರೆ, ಐಚ್ಛಿಕ. ಹಾರ್ವರ್ಡಿನ ಮೊದಲ ವರ್ಷದ ಸೆಮಿನಾರಿಗೆ ಎ, ಬಿ ಗ್ರೇಡೇ ಇಲ್ಲ. ಕಡ್ಡಾಯದ ಬರವಣಿಗೆ ಕೋರ್ಸು ‘ಎಕ್ಸ್‌ಪೋಸ್’ ಅದರ ಹೊರಗೆ.

ಆಮೇಲೆ ಸಿಲಬಸ್. ಓದಬೇಕಾದ ಪುಸ್ತಕಗಳ ಪಟ್ಟಿಗಿಂತ ಮುಖ್ಯ, ಡ್ರಾಫ್ಟ್ ತಿದ್ದಿ ಹಿಂತಿರುಗಿಸುತ್ತಾರೆಯೇ ಎಂಬುದು. ಸೆಮಿಸ್ಟರ್ ಕೊನೆಗೆ ಒಂದೇ ದೊಡ್ಡ ಪೇಪರ್ ಕೇಳುವ ಮೇಷ್ಟ್ರಿಗಿಂತ ಮೂರು ಚಿಕ್ಕ ಪ್ರಬಂಧಗಳನ್ನು ಎರಡೆರಡು ಸಲ ಬರೆಸುವವರು ಮೇಲು. ‘1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದು ಲಕ್ಷಾಂತರ ಜೀವ ಉಳಿಸಿದ’ ಎಂದು ಹುಡುಗಿ ಬರೆದಳು ಅನ್ನಿ. ಒಳ್ಳೆ ಮೇಷ್ಟ್ರು ಅಂಚಿನಲ್ಲಿ ಕೇಳುತ್ತಾರೆ: ‘ಹಾಗಾದರೆ 1945ರ ನೊಬೆಲ್‌ನಲ್ಲಿ ಫ್ಲೋರಿ, ಚೈನ್ ಯಾಕೆ ಇದ್ದಾರೆ?’ ಪೆನಿಸಿಲಿನ್ನನ್ನು ಔಷಧಿಯ ಮಟ್ಟಕ್ಕೆ ತಂದವರು ಇವರಿಬ್ಬರು; ಬೂಷ್ಟಿನಿಂದ ಔಷಧಿಯವರೆಗಿನ ಹತ್ತು-ಹನ್ನೆರಡು ವರ್ಷದ ಕೆಲಸ ಆ ಒಂದು ವಾಕ್ಯದಲ್ಲಿ ಮಾಯವಾಗಿತ್ತು. ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನ ‘ಕಾರ್ಸ್’ (ಓದಿ ಅರ್ಥಮಾಡಿಕೊಂಡು ವಿಮರ್ಶಿಸುವ) ಭಾಗಕ್ಕೆ ಬೇಕಾದ ಕಣ್ಣು ಇಂಥ ತಿದ್ದುಪಡಿಯಿಂದಲೇ ಬರುವುದು. 90 ನಿಮಿಷ, 53 ಪ್ರಶ್ನೆ, ಎಲ್ಲವೂ ಸಾಹಿತ್ಯ, ಕಲೆ, ಸಮಾಜ ವಿಜ್ಞಾನದಂಥ ವಿಷಯಗಳ ಗದ್ಯದ ಮೇಲೆ; ಬಾಯಿಪಾಠಕ್ಕೆ ಅಲ್ಲಿ ಏನೂ ಇಲ್ಲ. ಆದ್ದರಿಂದ ಸೆಮಿನಾರಿನ ವಿಷಯ ತತ್ವಶಾಸ್ತ್ರ, ಸಂಗೀತ, ಕಾನೂನು, ಯಾವುದಾದರೂ ಆದೀತು.

ಎಡವುವುದು ಟೈಮ್‌ಟೇಬಲ್‌ನಲ್ಲಿ. ಜನರಲ್ ಕೆಮಿಸ್ಟ್ರಿ ಲ್ಯಾಬ್ ಸಾಮಾನ್ಯವಾಗಿ ಮಧ್ಯಾಹ್ನ ಮೂರು ಗಂಟೆ ನುಂಗುತ್ತದೆ. ವಾರಕ್ಕೊಮ್ಮೆ ಸೇರುವ ಸೆಮಿನಾರೂ ಬಹಳ ಸಲ ಅದೇ ಹೊತ್ತಿಗೆ. ಎರಡೂ ಸಿಲಬಸ್ ಪಕ್ಕಪಕ್ಕ ಇಟ್ಟು, ಕೆಮಿಸ್ಟ್ರಿ ಮಿಡ್‌ಟರ್ಮ್‌ ವಾರಕ್ಕೇ ಡ್ರಾಫ್ಟ್ ಬೀಳುತ್ತದೆಯೇ ನೋಡಿ. ಬಿದ್ದರೆ ಆ ಡ್ರಾಫ್ಟನ್ನು ಹತ್ತು ದಿನ ಮೊದಲೇ ಶುರು ಮಾಡಿ, ಇಲ್ಲವೇ ಆಡ್-ಡ್ರಾಪ್ (ಕೋರ್ಸು ಸೇರುವ-ಬಿಡುವ) ಗಡುವಿನೊಳಗೆ ಬೇರೆ ಸೆಮಿನಾರಿಗೆ ಬದಲಾಯಿಸಿಕೊಳ್ಳಿ. ಕೈಕೊಟ್ಟ ಕೋರ್ಸನ್ನು ಮತ್ತೆ ಓದಿದರೂ ಆಮ್‌ಕ್ಯಾಸ್ ಎರಡೂ ಗ್ರೇಡು ಎಣಿಸುತ್ತದೆ.

ಹತ್ತು-ಹದಿನೈದು ಜನರ ತರಗತಿಯಲ್ಲಿ ಮೇಷ್ಟ್ರಿಗೆ ಹೆಸರು ಗೊತ್ತಿರುತ್ತದೆ. ಸೈನ್ಸ್ ಅಲ್ಲದ ವಿಷಯದ ಅಧ್ಯಾಪಕರ ಶಿಫಾರಸು ಪತ್ರ ಮುಂದೆ ಅನೇಕ ಮೆಡಿಕಲ್ ಸ್ಕೂಲುಗಳಿಗೆ ಬೇಕಾಗುವುದರಿಂದ, ಮೇಷ್ಟ್ರು ವಿದ್ಯಾರ್ಥಿಗಳಿಗೆ ಸಿಗುವ ಆಫೀಸ್ ಅವರ್ಸ್‌ಗೆ ಆಗಾಗ ಹೋಗಿ ಬನ್ನಿ. ತಿದ್ದಿ ಕೊಟ್ಟ ಪ್ರಬಂಧಗಳನ್ನು ಎಸೆಯಬೇಡಿ. ಮೂರನೇ ವರ್ಷ ಪತ್ರ ಕೇಳಲು ಹೋಗುವಾಗ ಜೊತೆಗೆ ಒಯ್ದರೆ, ಮರೆತ ಮೇಷ್ಟ್ರಿಗೂ ತಮ್ಮದೇ ಅಕ್ಷರ ನೋಡಿ ನೆನಪಾದೀತು.