ಗೇರ್ ಸವೆದಿಲ್ಲ, ಸೀಳಿದೆ

ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್. ನಮ್ಮ ಕಾಕಾನ ಹಳೇ ಟೇಪ್‌ರೆಕಾರ್ಡರ್ ಹೀಗೆ ಸದ್ದು ಮಾಡಲು ಶುರು ಮಾಡಿ ಎರಡೇ ದಿನಕ್ಕೆ ಕ್ಯಾಸೆಟ್ಟಿನ ಟೇಪು ನುಂಗಿತು. ನುಂಗಿದ್ದು ಅಜ್ಜಿ ಹಾಡಿದ ತತ್ವಪದಗಳ ಕ್ಯಾಸೆಟ್. ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಗೆ ಒಯ್ದೆ. "ಪ್ಲಾಸ್ಟಿಕ್ ಗೇರ್ ಅದರಿ, ಸವದು ಹೋಗ್ಯದ. ಕಬ್ಬಿಣದ್ದು ಹಾಕಿದ್ರ ಹಿಂಗ ಆಗ್ತಿದ್ದಿಲ್ಲ. ಒಗದುಬಿಡ್ರಿ" ಅಂದರು.

ಈ ಮಾತು ಎಲ್ಲರ ಬಾಯಲ್ಲೂ ಇದೆ. ಗೇರ್ ಸವೆದಿದೆ ಅನ್ನೋದೂ ತಪ್ಪು, ಪ್ಲಾಸ್ಟಿಕ್ ಹಾಕಿ ಮೋಸ ಮಾಡಿದರು ಅನ್ನೋದೂ ತಪ್ಪು.

ಮನೆಗೆ ತಂದು ಬಿಚ್ಚಿದೆ. ಟೇಪು ನುಂಗೋದು ಯಾಕೆ ಅನ್ನೋದಕ್ಕೆ ಲೆಕ್ಕ ಸುಲಭ. ಕ್ಯಾಪ್‌ಸ್ಟನ್ ಅನ್ನೋ ಸಣ್ಣ ಉಕ್ಕಿನ ಕಡ್ಡಿ ಸೆಕೆಂಡಿಗೆ 4.76 ಸೆಂ.ಮೀ. ಟೇಪನ್ನು ಮುಂದೆ ತಳ್ಳುತ್ತದೆ. ಸುತ್ತಿಕೊಳ್ಳಬೇಕಾದ ರೀಲು ನಿಂತರೆ ಐದು ಸೆಕೆಂಡಿನಲ್ಲಿ ಹೆಚ್ಚುಕಡಿಮೆ 24 ಸೆಂ.ಮೀ. ಟೇಪು ಒಳಗೇ ರಾಶಿ ಬೀಳುತ್ತದೆ, ಕ್ಯಾಪ್‌ಸ್ಟನ್‌ಗೆ ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ರೋಲರಿಗೆ ಸುತ್ತಿಕೊಳ್ಳುತ್ತದೆ. ಆ ರೀಲನ್ನು ತಿರುಗಿಸುವ ದಾರಿಯಲ್ಲಿದ್ದ ಒಂದು ಪುಟ್ಟ ಬಿಳಿ ಗೇರಿನ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟು ನೋಡಿದೆ. ಚುಕ್ಕೆ ಒಂದು ಸುತ್ತು ಬಂದಾಗಲೆಲ್ಲ ಒಂದೇ ಟಕ್. ಸವೆತವಾಗಿದ್ದರೆ 18 ಹಲ್ಲೂ ಸವೆದು, ಸುತ್ತು ಪೂರ್ತಿ ಗರಗರ ಅನ್ನಬೇಕಿತ್ತು, ಅಲ್ವಾ? ಇಲ್ಲಿ ತಪ್ಪು ಇರೋದು ಒಂದೇ ಜಾಗದಲ್ಲಿ.

ಭೂತಗನ್ನಡಿ ಹಿಡಿದು ನೋಡಿದೆ. ಹಲ್ಲುಗಳೆಲ್ಲ ಹೊಸದರಂತಿದ್ದವು. ಆದರೆ ಎರಡು ಹಲ್ಲಿನ ನಡುವಿನ ಸಂದಿಯಿಂದ ನಡುವಿನ ತೂತಿನವರೆಗೆ ಒಂದು ಸೀಳು ಬಾಯಿ ಬಿಟ್ಟಿತ್ತು. ಗೇರ್ ಕೂತಿದ್ದ ಉಕ್ಕಿನ ಕಡ್ಡಿಯಿಂದ ಅದನ್ನು ಹೊರಗೆಳೆದೆ. ಸೀಳು ಮಾಯ! ಬಾಯಿ ಮುಚ್ಚಿಕೊಂಡು, ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟೇ ಕಾಣುತ್ತಿತ್ತು. ಬಿಚ್ಚಿ ಅಂಗೈ ಮೇಲಿಟ್ಟು ನೋಡುವವರಿಗೆ ಗೇರ್ ಸರಿ ಇದೆ ಅಂತಲೇ ಅನಿಸುತ್ತದೆ. ಅದಕ್ಕೇ ಸವೆತದ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ಈ ಸೀಳು ಹುಟ್ಟೋದು ಹೇಗೆ? ಬಂಡಿ ಗಾಲಿ ನೆನಪಿಸಿಕೊಳ್ಳಿ. ಕಬ್ಬಿಣದ ಪಟ್ಟಾವನ್ನು ಕೆಂಪಗೆ ಕಾಯಿಸಿ, ಹಿಗ್ಗಿಸಿ, ಮರದ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಾರೆ. ಪಟ್ಟಾ ಕುಗ್ಗಿ ಗಾಲಿಯನ್ನು ಅವುಚಿ ಹಿಡಿಯುತ್ತದೆ. ಅಲ್ಲಿಂದ ಮುಂದೆ ಆ ಪಟ್ಟಾ ಹಗಲೂ ರಾತ್ರಿ ಎಳೆತದಲ್ಲೇ ಇರುತ್ತದೆ. ಅದು ಕಬ್ಬಿಣ, ತಡೆಯುತ್ತದೆ. ನಮ್ಮ ಗೇರಿನ ಕಥೆಯೂ ಅದೇ. ಕಾರ್ಖಾನೆಯಲ್ಲಿ ಕಡ್ಡಿಗಿಂತ ತುಸು ಸಣ್ಣ ತೂತು ಬಿಟ್ಟು, ಒತ್ತಿ ಕೂರಿಸುತ್ತಾರೆ. ಅಂಟು ಬೇಡ, ಸ್ಕ್ರೂ ಬೇಡ. 2 ಮಿ.ಮೀ. ಕಡ್ಡಿಗೆ ತೂತು 0.04 ಮಿ.ಮೀ. ಚಿಕ್ಕದಿದ್ದರೂ ಸಾಕು, ತೂತಿನ ಸುತ್ತಲ ಪ್ಲಾಸ್ಟಿಕ್ ನೂರಕ್ಕೆ 2 ಪಾಲು ಹಿಗ್ಗಿಯೇ ಕೂತಿರುತ್ತದೆ. ಮಷೀನು ಆಫ್ ಇದ್ದರೂ, ಬೀರುವಿನ ಮೇಲೆ ಧೂಳು ಹಿಡಿದು ಕೂತಿದ್ದರೂ ಎಳೆತ ತಪ್ಪಿದ್ದಲ್ಲ. ಕಟ್ಟಿಗೆಗೆ ಬೆಣೆ ಹೊಡೆದು ಹಾಗೇ ಬಿಟ್ಟಂತೆ. ಒಂದೇ ಏಟಿಗೆ ಸೀಳೋದಿಲ್ಲ. ಮೂವತ್ತು ವರ್ಷ ಕಾಯುತ್ತದೆ.

ಇಲ್ಲಿ ನಮ್ಮೂರಿನ ಬಿಸಿಲನ್ನು ಬೈಯುವವರೂ ಇದ್ದಾರೆ. ಬಿಸಿಲಿಗೆ ಪ್ಲಾಸ್ಟಿಕ್ ಬೇಗ ಮುಪ್ಪಾಗುತ್ತದೆ, ನಿಜ. ಆದರೆ ಬಿಗಿತ ಹೆಚ್ಚೋದು ಚಳಿಯಲ್ಲಿ! ಇಂಥ ಗೇರುಗಳಿಗೆ ಬಳಸುವ ಅಸಿಟಾಲ್ ಪ್ಲಾಸ್ಟಿಕ್ ಹಿಗ್ಗೋದೂ ಕುಗ್ಗೋದೂ ಉಕ್ಕಿಗಿಂತ ಎಂಟು ಹತ್ತು ಪಟ್ಟು ಜಾಸ್ತಿ. ಡಿಸೆಂಬರ್ ರಾತ್ರಿ ಗೇರ್ ಕುಗ್ಗುತ್ತದೆ, ಒಳಗಿನ ಕಡ್ಡಿ ಅಷ್ಟು ಕುಗ್ಗೋದಿಲ್ಲ. ಬೆಣೆ ಇನ್ನಷ್ಟು ಬಿಗಿಯಾಗುತ್ತದೆ.

ಸೀಳಿದ ಮೇಲೆ ಆ ಒಂದು ಸಂದಿ ಸುಮಾರು 0.1 ಮಿ.ಮೀ., ಒಂದು ಕಾಗದದ ದಪ್ಪದಷ್ಟು, ಅಗಲವಾಗುತ್ತದೆ. ಅಷ್ಟಕ್ಕೇ ಎದುರು ಗೇರಿನ ಹಲ್ಲು ಸಂದಿಗೆ ಇಳಿಯದೆ ಮೇಲೆ ಹತ್ತಿ ಜಾರುತ್ತದೆ. ಅದೇ ಟಕ್.

ಪ್ಲಾಸ್ಟಿಕ್ ಯಾಕೆ ಹಾಕಿದರು? ಸದ್ದು ಕಡಿಮೆ, ತೂಕ ಕಡಿಮೆ, ಎಣ್ಣೆ ಬೇಡ. ಫಿಲಿಪ್ಸ್ ಕಂಪನಿಯ ಎಂಜಿನಿಯರ್ ಲೂ ಒಟೆನ್ಸ್ ತಂಡ ಬೆಲ್ಜಿಯಂನ ಹ್ಯಾಸೆಲ್ಟ್‌ನಲ್ಲಿ ರೂಪಿಸಿದ ಕ್ಯಾಸೆಟ್ 1963ರಲ್ಲಿ ಬರ್ಲಿನ್ ಪ್ರದರ್ಶನಕ್ಕೆ ಬಂತು. ಅದರ ರೆಕಾರ್ಡರ್ ಎಷ್ಟು ಸಣ್ಣದಿರಬೇಕು ಅಂತ ಗೊತ್ತು ಮಾಡಲು ಒಟೆನ್ಸ್ ಕೋಟಿನ ಜೇಬಿನಲ್ಲಿ ಹಿಡಿಸುವ ಮರದ ತುಂಡು ಇಟ್ಟುಕೊಂಡಿದ್ದರು. ಜೇಬಿಗೆ ಹೋಗುವ ವಸ್ತುವಿಗೆ ಹಿತ್ತಾಳೆ ಗೇರುಗಳು ಭಾರವೇ. ಇನ್ನೊಂದು ಸೊಗಸು ಹೇಳಲೇಬೇಕು. ಗೇರಿನ ಹಲ್ಲಿನ ಬಾಗು ಬಂದದ್ದು ಎಲ್ಲಿಂದ ಗೊತ್ತಾ? ದಾರದ ಉಂಡೆಯಿಂದ ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತಾ ಹೋದರೆ ಅದರ ತುದಿ ಒಂದು ಗೆರೆ ಬರೆಯುತ್ತದೆ. ಅದರ ಹೆಸರು ಇನ್ವಾಲ್ಯೂಟ್. 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಹಲ್ಲಿಗೆ ಈ ಬಾಗು ಸೂಚಿಸಿದ. ಈ ಆಕಾರದ ಗೇರುಗಳು ತುಸು ದೂರ ಸರಿದರೂ ವೇಗದ ಲೆಕ್ಕ ತಪ್ಪೋದಿಲ್ಲ. ಅದಕ್ಕೇ ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಪ್ಲಾಸ್ಟಿಕ್ಕೂ ನಡೆಯುತ್ತದೆ. ಕ್ಯಾಸೆಟ್ ಬಿಚ್ಚಿ, ರೀಲಿನಿಂದ ಟೇಪಿನ ತುದಿ ಹಿಡಿದು ಬಿಗಿಯಾಗಿ ಬಿಡಿಸಿ ನೋಡಿ. ಅದೂ ಅದೇ ಗೆರೆ ಬರೆಯುತ್ತದೆ!

ರಿಪೇರಿಗೆ ಬರೋಣ. ಎಣ್ಣೆ ಬಿಡಬೇಡಿ. ಕಾಕಾ ಹಿಂದೊಮ್ಮೆ ಕುಸುಬಿ ಎಣ್ಣೆ ಬಿಟ್ಟಿದ್ದ. ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ ಅದು, ಚಿತ್ರಕಾರರು ಬಣ್ಣಕ್ಕೆ ಬಳಸೋದು ಅದೇ ಗುಣಕ್ಕೆ. ಒಳಗೆಲ್ಲ ಅಂಟು ಅಂಟಾಗಿತ್ತು. ಸೂಪರ್ ಗ್ಲೂ ಕೂಡ ಅಸಿಟಾಲ್‌ಗೆ ಹಿಡಿಯೋದಿಲ್ಲ, ಮೇಣದ ಮೇಲೆ ಗೋಂದು ಹಚ್ಚಿದಂತೆ. ಹಿಡಿದರೂ ಬೆಣೆ ಹಾಗೇ ಇರುತ್ತದಲ್ಲ? ಮತ್ತೆ ಸೀಳುತ್ತದೆ.

ಮೊದಲು ಬಿಗಿತ ತೆಗೆಯಬೇಕು. 2 ಮಿ.ಮೀ. ಡ್ರಿಲ್ ಬಿಟ್ಟನ್ನು ಬೆರಳಿನಲ್ಲೇ ತಿರುಗಿಸಿ ತೂತು ಸಡಿಲ ಮಾಡಿದೆ. ಆಮೇಲೆ ಬಂಡಿ ಗಾಲಿಯ ಉಪಾಯ. ಮುರಿದ ರೇಡಿಯೊ ಆಂಟೆನಾ ಅಂದರೆ ಒಂದರೊಳಗೊಂದು ಕೂರುವ ಹಿತ್ತಾಳೆ ಕೊಳವೆಗಳು. ಗೇರಿನ ಗುಂಭಕ್ಕೆ, ಅಂದರೆ ತೂತಿನ ಸುತ್ತಲ ಉಬ್ಬಿದ ಭಾಗಕ್ಕೆ, ಸರಿಯಾಗಿ ಕೂರುವ ಕೊಳವೆ ಆರಿಸಿ, 2 ಮಿ.ಮೀ. ಉದ್ದ ಕತ್ತರಿಸಿ, ಬಳೆಯಂತೆ ತೊಡಿಸಿದೆ. ಸೀಳು ಮುಚ್ಚಿತು. ಗೇರ್ ಕಡ್ಡಿಯ ಮೇಲೆ ಜಾರದಿರಲು ತೂತಿನೊಳಗೆ ಒಂದು ಗೀರು ಕೊರೆದು, ಕಡ್ಡಿಯನ್ನು ಉಜ್ಜಿ ಒರಟು ಮಾಡಿ, ಎಪಾಕ್ಸಿ ಅಂಟು ಹಚ್ಚಿದೆ. ಗೀರಿನಲ್ಲಿ ಗಟ್ಟಿಯಾದ ಎಪಾಕ್ಸಿ ಕೀಲಿಯಂತೆ ತಡೆಯುತ್ತದೆ.

ಹಲ್ಲೇ ಮುರಿದಿದ್ದರೆ ಹೊಸ ಗೇರ್ ಬೇಕು. ಹೊರ ವ್ಯಾಸ 10 ಮಿ.ಮೀ., ಹಲ್ಲು 18. ಹಲ್ಲಿಗೆ ಎರಡು ಕೂಡಿಸಿ, ಬಂದ 20ರಿಂದ ಆ 10ನ್ನು ಭಾಗಿಸಿದರೆ 0.5. ಇದಕ್ಕೆ ಮಾಡ್ಯೂಲ್ ಅಂತಾರೆ, ಹುಡುಕುವಾಗ ಈ ಸಂಖ್ಯೆ ಮುಖ್ಯ. ಸಿಗದಿದ್ದರೆ ಸರಿ ಇರುವ ಗೇರಿನಿಂದ ಸಿಲಿಕೋನ್ ಅಚ್ಚು ಮಾಡಿ, ಹೊಯ್ದ ಮೇಲೆ ಗಟ್ಟಿಯಾಗುವ ರೆಸಿನ್ ಹೊಯ್ಯಬಹುದು. ಬೀದರಿನಲ್ಲಿ ಬಿದರಿ ಹೂಜಿಗೆ ಮಣ್ಣಿನ ಅಚ್ಚಿನಲ್ಲಿ ಸತುವಿನ ಎರಕ ಹೊಯ್ಯೋದು ನೋಡಿದವರಿಗೆ ಇದು ಹೊಸದೇನಲ್ಲ.

ಮೂರು ವಾರದಿಂದ ಟಕ್ ಇಲ್ಲ. ಬೆಳಿಗ್ಗೆ ಕಾಕಾ ಅಜ್ಜಿಯ ಪದ ಹಚ್ಚಿ ಚಹಾ ಕುಡಿಯುತ್ತಾನೆ. ಪಕ್ಕದ ಗೇರಿನಲ್ಲೂ ಕೂದಲೆಳೆ ಸೀಳೊಂದು ಕಂಡಿದೆ. ಅದೇ ಕೊಳವೆಯಿಂದ ಎರಡನೇ ಬಳೆ ಕತ್ತರಿಸಿ ಇಟ್ಟಿದ್ದೇನೆ.