ಭಾನುವಾರ ಆದಮೇಲೆ ಸೋಮವಾರವೇ ಯಾಕೆ?

ಪ್ರಶ್ನೆ: ಮಗಳು ಐದನೇ ಕ್ಲಾಸು. ಗ್ರಹಗಳ ಪಾಠ ಓದುತ್ತಾ ಕೇಳಿದಳು: "ಅಮ್ಮಾ, ಪುಸ್ತಕದಲ್ಲಿ ಸೂರ್ಯ ಆದಮೇಲೆ ಬುಧ, ಆಮೇಲೆ ಶುಕ್ರ ಅಂತ ಇದೆ. ವಾರದಲ್ಲಿ ಮಾತ್ರ ಸೂರ್ಯ, ಚಂದ್ರ, ಮಂಗಳ ಅಂತ ಯಾಕೆ ಬರುತ್ತೆ? ಯಾರು ಹೀಗೆ ಜೋಡಿಸಿದ್ದು?" ನನಗೆ ಏನು ಹೇಳಬೇಕೋ ತೋಚಲಿಲ್ಲ. ಸುಮ್ನೆ ಬಾಯಿಗೆ ಬಂದ ಹಾಗೆ ಇಟ್ಟಿದ್ದಾರಾ, ಇಲ್ಲ ಏನಾದರೂ ಲೆಕ್ಕ ಇದೆಯಾ?

ಉತ್ತರ: ಲೆಕ್ಕ ಇದೆ. ಬೆರಳು ಮಡಚಿ ಎಣಿಸಬಹುದಾದಷ್ಟು ಸುಲಭದ ಲೆಕ್ಕ. ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇದನ್ನು ಓದಿ. ಹತ್ತು ವರ್ಷದ ಮಗು ತಾನೇ ಮಾಡಿ ನೋಡಬಹುದು.

ಮೊದಲು ಕೆಲವರು ಹೇಳುವ ಒಂದು ಉತ್ತರವನ್ನು ಪಕ್ಕಕ್ಕಿಡೋಣ. "ಹೊಳಪು ಜಾಸ್ತಿ ಇರುವವರು ಮೊದಲು, ಕಮ್ಮಿ ಇರುವವರು ಆಮೇಲೆ" ಅಂತ ಹೇಳುವುದುಂಟು. ಸೂರ್ಯ, ಚಂದ್ರರ ಮಟ್ಟಿಗೆ ಇದು ಸರಿಹೋಗುತ್ತದೆ. ಮೂರನೆಯದಕ್ಕೇ ಎಡವುತ್ತದೆ. ಚಂದ್ರ ಬಿಟ್ಟರೆ ರಾತ್ರಿ ಆಕಾಶದಲ್ಲಿ ಎಲ್ಲಕ್ಕಿಂತ ಹೊಳೆಯುವುದು ಶುಕ್ರ. ಹಾಗಾದರೆ ಸೋಮವಾರದ ಮಾರನೆಯ ದಿನ ಶುಕ್ರವಾರ ಆಗಬೇಕಿತ್ತು, ಅಲ್ವಾ? ಗಾತ್ರ, ದೂರ ಯಾವುದನ್ನು ಹಿಡಿದು ನೋಡಿದರೂ ವಾರದ ಸಾಲು ಹೊಂದುವುದಿಲ್ಲ.

ವಾರವನ್ನು ಹೆಣೆದವರು ನೋಡಿದ್ದು ವೇಗವನ್ನು. ಬರಿಗಣ್ಣಿಗೆ ಕಾಣುವಂತೆ, ನಕ್ಷತ್ರಗಳ ನಡುವೆ ದಿನದಿನಕ್ಕೆ ಜಾಗ ಬದಲಿಸುವವರು ಏಳು ಮಂದಿ. ಅವರಲ್ಲಿ ತುಂಬಾ ನಿಧಾನ ಶನಿ. ಒಂದು ಸುತ್ತು ಮುಗಿಸಲು ಅವನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಸಾಡೇಸಾತಿ ಅಂತ ನಮ್ಮ ಮನೆಗಳಲ್ಲಿ ಹೇಳುವ ಏಳೂವರೆ ವರ್ಷವೂ ಇಲ್ಲಿಂದಲೇ ಬಂದದ್ದು. ಒಂದು ರಾಶಿಗೆ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಶನೈಶ್ಚರ ಅನ್ನುವ ಪೂರ್ತಿ ಹೆಸರಿನ ಅರ್ಥವೇ ಮೆಲ್ಲಗೆ ನಡೆಯುವವನು ಅಂತ. ಶನಿಯಾದಮೇಲೆ ಗುರು, ಸುಮಾರು ಹನ್ನೆರಡು ವರ್ಷ. ಆಮೇಲೆ ಮಂಗಳ, ಎರಡು ವರ್ಷಕ್ಕೆ ಸ್ವಲ್ಪ ಕಮ್ಮಿ. ಆಮೇಲೆ ಸೂರ್ಯ, ಶುಕ್ರ, ಬುಧ. ಎಲ್ಲರಿಗಿಂತ ಚುರುಕು ಚಂದ್ರ, ಇಪ್ಪತ್ತೇಳು ದಿನ ಚಿಲ್ಲರೆಯಲ್ಲಿ ಸುತ್ತಿ ಬರುತ್ತಾನೆ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ನಿಧಾನದಿಂದ ಚುರುಕಿಗೆ ಸಾಲಾಗಿ ಬರೆಯಿರಿ: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ.

ಹಿಂದಿನವರು ಒಂದು ಹಗಲು ಒಂದು ರಾತ್ರಿಯನ್ನು 24 ಭಾಗ ಮಾಡಿ, ಒಂದೊಂದು ಭಾಗಕ್ಕೂ ಒಬ್ಬ ಒಡೆಯನನ್ನು ಇಟ್ಟರು. ನಮ್ಮ ಪಂಚಾಂಗಗಳಲ್ಲಿ ಈಗಲೂ ಇರುವ "ಹೋರೆ" ಇದೇ. ಗುರು ಹೋರೆ, ಶುಕ್ರ ಹೋರೆ ಅಂತ ನೋಡಿ ಕೆಲಸ ಶುರುಮಾಡುವವರನ್ನು ನೀವೂ ನೋಡಿರುತ್ತೀರಿ. ಮೊದಲ ಹೋರೆ ಶನಿಯದು ಅಂದುಕೊಳ್ಳಿ. ಎರಡನೆಯದು ಗುರುವಿನದು, ಮೂರನೆಯದು ಮಂಗಳನದು, ಹೀಗೇ ಏಳನೆಯದು ಚಂದ್ರನದು. ಎಂಟನೆಯದು ಮತ್ತೆ ಶನಿ. ಹದಿನೈದು ಶನಿ, ಇಪ್ಪತ್ತೆರಡು ಶನಿ. ಇಪ್ಪತ್ಮೂರು ಗುರು, ಇಪ್ಪತ್ನಾಲ್ಕು ಮಂಗಳ. ದಿನ ಮುಗಿಯಿತು. ಮಾರನೆಯ ದಿನದ ಮೊದಲ ಹೋರೆ ಯಾರ ಪಾಲಿಗೆ ಬಂತು? ಸೂರ್ಯನ ಪಾಲಿಗೆ.

ಬೆಳಗಿನ ಮೊದಲ ಹೋರೆ ಯಾರದೋ ಇಡೀ ದಿನ ಅವರ ಹೆಸರಿಗೆ. ಶನಿಯ ದಿನದ ಮಾರನೆಯದು ಸೂರ್ಯನ ದಿನ. ಶನಿವಾರ ಆದಮೇಲೆ ಭಾನುವಾರ.

ಇನ್ನು ಅಷ್ಟುದ್ದ ಎಣಿಸುವ ಕೆಲಸವಿಲ್ಲ. ಇಪ್ಪತ್ನಾಲ್ಕರಲ್ಲಿ ಮೂರು ಏಳು ಕಳೆದರೆ ಉಳಿಯುವುದು ಮೂರು. ಅಂದರೆ ಪ್ರತಿ ದಿನ ಸಾಲಿನಲ್ಲಿ ಇಬ್ಬರನ್ನು ದಾಟಿ ಮುಂದಿನವನನ್ನು ಹಿಡಿದರೆ ಸಾಕು. ಸೂರ್ಯನಿಂದ ಶುಕ್ರ, ಬುಧ ದಾಟಿದರೆ ಚಂದ್ರ: ಸೋಮವಾರ. ಚಂದ್ರ ಸಾಲಿನ ಕೊನೆಯವನು, ಮತ್ತೆ ತಲೆಯಿಂದ ಶನಿ, ಗುರು ದಾಟಿದರೆ ಮಂಗಳ. ಮಂಗಳನಿಂದ ಸೂರ್ಯ, ಶುಕ್ರ ದಾಟಿದರೆ ಬುಧ. ಮುಂದಿನ ಮೂರನ್ನು ನಿಮ್ಮ ಮಗಳೇ ಹೇಳಲಿ. ಗುರು, ಶುಕ್ರ ಆಗಿ, ಏಳನೇ ಹೆಜ್ಜೆಗೆ ಸರಿಯಾಗಿ ಶನಿಯ ಮೇಲೆ ಬಂದು ನಿಲ್ಲುತ್ತದೆ. ನಾನು ಮೊದಲ ಸಲ ಇದನ್ನು ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮಾಡಿ ನೋಡಿದ್ದೆ. ಕೊನೆಯ ಹೆಜ್ಜೆ ಕೂತಾಗ ಮೈ ಜುಮ್ಮೆಂದಿತ್ತು. ದಿನಾ ಬಾಯಲ್ಲಿ ಹೇಳುವ ಏಳು ಹೆಸರೊಳಗೆ ಇಂಥ ಲೆಕ್ಕ ಕೂತಿದೆ ಅಂತ ಯಾರೂ ಹೇಳಿರಲಿಲ್ಲ.

ಈ ಲೆಕ್ಕ ನಮ್ಮ ಹಳೆಯ ಶಾಸ್ತ್ರಗ್ರಂಥದಲ್ಲೇ ಇದೆ. ಆರ್ಯಭಟ ಕ್ರಿ.ಶ. 499ರ ಹೊತ್ತಿನವನು. ಅವನ ಆರ್ಯಭಟೀಯದ ಕಾಲಕ್ರಿಯಾ ಪಾದದಲ್ಲಿ ಒಂದೇ ಶ್ಲೋಕದಲ್ಲಿ ಇಷ್ಟನ್ನೂ ಹೇಳಿ ಮುಗಿಸುತ್ತಾನೆ. ಶನಿಯಿಂದ ಶುರುವಾಗಿ ಒಬ್ಬರಿಗಿಂತ ಒಬ್ಬರು ಚುರುಕಾದ ಈ ಏಳು ಗ್ರಹಗಳು ಹೋರೆಗಳ ಒಡೆಯರು, ಅದೇ ಚುರುಕಿನ ಸಾಲಿನಲ್ಲಿ ನಾಲ್ಕನೆಯವನು ಸೂರ್ಯೋದಯದಿಂದ ದಿನದ ಒಡೆಯ. ತನ್ನನ್ನೂ ಸೇರಿಸಿ ಎಣಿಸಿದರೆ ನಾಲ್ಕನೆಯವನು, ನಾವು ಇಬ್ಬರನ್ನು ದಾಟಿದ್ದೂ ಅದೇ.

ಹಾಗಾದರೆ ಇದನ್ನು ಹೆಣೆದವರು ನಾವೇನಾ? ಇದನ್ನು ಬಿಡಿಸಿಯೇ ಹೇಳಬೇಕು. ನಮ್ಮಲ್ಲಿ ಹಳೆಯದು ತಿಥಿ ಮತ್ತು ನಕ್ಷತ್ರ. ಅಶೋಕನ ಶಾಸನಗಳಲ್ಲಿ ಚತುರ್ದಶಿ, ಹುಣ್ಣಿಮೆ ಬರುತ್ತವೆ, ಪುಷ್ಯ, ಪುನರ್ವಸು ಬರುತ್ತವೆ. ವಾರ ಬರುವುದಿಲ್ಲ. ದಿನಕ್ಕೆ 24 ಭಾಗ ಅನ್ನುವುದು ಈಜಿಪ್ಟಿನ ಕಡೆಯ ರೂಢಿ. ಗ್ರಹಗಳ ಓಡಾಟವನ್ನು ತಲೆಮಾರುಗಟ್ಟಲೆ ಬರೆದಿಟ್ಟವರು ಬ್ಯಾಬಿಲೋನಿನವರು. ನಿಧಾನವಾದಷ್ಟೂ ನಮ್ಮಿಂದ ದೂರ ಅಂತ ಎಣಿಸಿ, ಅವನ್ನು ನಿಧಾನದಿಂದ ಚುರುಕಿಗೆ ಸಾಲಾಗಿ ನಿಲ್ಲಿಸಿದವರು ಗ್ರೀಕರು. ಈ ಮೂರೂ ಒಂದೆಡೆ ಸೇರಿದಾಗ ವಾರದ ಸಾಲು ಹುಟ್ಟಿತು. ಮೂರನೇ ಶತಮಾನದ ರೋಮನ್ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಕೂಡ ನಾವು ಈಗ ಮಾಡಿದ ಹೋರೆಯ ಲೆಕ್ಕವನ್ನು ವಿವರಿಸಿ, ಇದು ಈಜಿಪ್ಟಿನವರದು ಅನ್ನುತ್ತಾನೆ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಪಾಂಪೆ ಊರಿನಲ್ಲಿ ದಿನಗಳ ದೇವತೆಗಳ ಹೆಸರನ್ನು ಯಾರೋ ಗೋಡೆಯ ಮೇಲೆ ಗೀಚಿಟ್ಟಿದ್ದಾರೆ. ಆ ಪಟ್ಟಿಯ ತಲೆಯಲ್ಲಿ ಇರುವುದು ಶನಿ, ನಮ್ಮ ಹಾಳೆಯ ಹಾಗೇ.

ಹೋರಾ ಅನ್ನುವ ಮಾತೂ ಗ್ರೀಕಿನದೇ. ಇಂಗ್ಲಿಷಿನವರ "ಅವರ್" ಕೂಡ ಅದೇ ಬೇರಿನಿಂದ ಹೋದದ್ದು. "ಅಹೋರಾತ್ರ" (ಹಗಲು-ರಾತ್ರಿ) ಅನ್ನುವುದರಲ್ಲಿ ಮೊದಲ ಅಕ್ಷರ, ಕೊನೆಯ ಅಕ್ಷರ ತೆಗೆದರೆ "ಹೋರಾ" ಉಳಿಯುತ್ತದೆ, ಹಾಗೆ ಬಂತು ಅನ್ನುವ ವಿವರಣೆಯೂ ಇದೆ. ಅದೂ ಹಳೆಯದೇ. ಹಳೆಯ ಜ್ಯೋತಿಷಿ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ "ಕೆಲವರು ಹೀಗೆ ಹೇಳುತ್ತಾರೆ" ಅಂತ ಅದನ್ನು ಬರೆದಿದ್ದಾನೆ. ಅದೇ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ, ಯವನರಲ್ಲಿ, ಅಂದರೆ ಗ್ರೀಕರಲ್ಲಿ, ಈ ಜ್ಯೋತಿಷ ಶಾಸ್ತ್ರ ಚೆನ್ನಾಗಿ ನೆಲೆಸಿದೆ, ಅವರನ್ನೂ ಋಷಿಗಳ ಹಾಗೆ ಗೌರವಿಸುತ್ತಾರೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದ. ನನಗೆ ಈ ಮಾತು ತುಂಬಾ ಇಷ್ಟ. ಹೊರಗಿನಿಂದ ಬಂದ ವಿದ್ಯೆಯನ್ನು ಪಡೆದದ್ದು ಅಂತ ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು.

ನಮ್ಮ ದೇಶದ ಕಲ್ಲುಗಳಲ್ಲಿ ವಾರದ ಹೆಸರು ಮೊದಲು ಸಿಗುವುದು ಮಧ್ಯಪ್ರದೇಶದ ಏರಣ್ ಎಂಬಲ್ಲಿ, ಗುಪ್ತ ವಂಶದ ದೊರೆ ಬುಧಗುಪ್ತನ ಕಾಲದ ಕಂಬದ ಮೇಲೆ. ಗುಪ್ತ ವರ್ಷ 165, ಅಂದರೆ ಕ್ರಿ.ಶ. 484. ಆಷಾಢ ಶುದ್ಧ ದ್ವಾದಶಿ, "ಸುರಗುರುವಿನ ದಿವಸ" ಅಂತ ಅದರಲ್ಲಿದೆ. ಸುರಗುರು ಅಂದರೆ ದೇವತೆಗಳ ಗುರು, ಬೃಹಸ್ಪತಿ. ಅವತ್ತು ಗುರುವಾರ. ಅದಾಗಿ ತೊಂಬತ್ತು ಚಿಲ್ಲರೆ ವರ್ಷಕ್ಕೆ, ಶಕ 500ರಲ್ಲಿ, ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯ ಮನೆತನದ ಮಂಗಳೇಶ ಬರೆಸಿದ ಶಾಸನ ಕಾರ್ತಿಕದ ಹುಣ್ಣಿಮೆ ಅಂತಷ್ಟೇ ಹೇಳಿ ಬಿಡುತ್ತದೆ. ವಾರ ಹೇಳಲೇಬೇಕು ಅನ್ನುವ ರೂಢಿ ಇನ್ನೂ ಬಂದಿರಲಿಲ್ಲ. ಮುಂದೆ ಕಲ್ಯಾಣದ ಚಾಲುಕ್ಯರು, ಹೊಯ್ಸಳರ ಕಾಲದ ಕಲ್ಲುಗಳಿಗೆ ಬಂದರೆ ಸಂವತ್ಸರ, ಮಾಸ, ತಿಥಿಯ ಜೊತೆಗೆ ಆದಿತ್ಯವಾರ, ಸೋಮವಾರ, ಬೃಹಸ್ಪತಿವಾರ ಅಂತ ಸಾಲು ಸಾಲಾಗಿ ಸಿಗುತ್ತವೆ. ಇದರಿಂದ ಈಗಿನವರಿಗೆ ದೊಡ್ಡ ಉಪಕಾರವಾಗಿದೆ. ತಿಥಿಯೂ ವಾರವೂ ಲೆಕ್ಕಕ್ಕೆ ಹೊಂದಿದರೆ ಶಾಸನದ ತಾರೀಕು ಗಟ್ಟಿ. ಹೊಂದದಿದ್ದರೆ ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತದೆ. ಕನ್ನಡ ಶಾಸನಗಳಲ್ಲಿ "ವಡ್ಡವಾರ" ಅಂತ ಒಂದು ದಿನ ಬರುತ್ತದೆ, ಈಗ ಯಾರ ಬಾಯಲ್ಲೂ ಇಲ್ಲದ ಹೆಸರು. ಅದು ಶನಿವಾರ ಅಂತ ವಿದ್ವಾಂಸರು ಗುರುತಿಸಿದ್ದೂ ಹೀಗೆ ತಿಥಿಯ ಲೆಕ್ಕ ಹಾಕಿಯೇ.

ಶನಿವಾರಕ್ಕೆ ನಮ್ಮಲ್ಲಿ ಇನ್ನೂ ಹೆಸರುಗಳಿವೆ. ಮಂದವಾರ. ಮದುವೆ ಕಾಗದದಲ್ಲಿ ಬರುವ ಸ್ಥಿರವಾರ. ಮಂದ ಅಂದರೂ ಸ್ಥಿರ ಅಂದರೂ ಮನಸ್ಸಿಗೆ ಬರುವುದು ಆ ನಿಧಾನವೇ ಅಂತ ನನಗನಿಸುತ್ತದೆ.

ಇನ್ನು "ವಾರ" ಅನ್ನುವ ಮಾತು. ಏಳು ದಿನ ಅಂತ ಈಗ ನಮ್ಮ ತಲೆಯಲ್ಲಿದೆ. ಸಂಸ್ಕೃತದಲ್ಲಿ ಅದಕ್ಕೆ ಸರದಿ, ಪಾಳಿ ಅನ್ನುವ ಅರ್ಥ. ಸೋಮವಾರ ಅಂದರೆ ಚಂದ್ರನ ಸರದಿ. ಕನ್ನಡದಲ್ಲಿ ಆ ಹಳೆಯ ಅರ್ಥ ಒಂದು ಮಾತಿನಲ್ಲಿ ಹಾಗೇ ಉಳಿದಿದೆ: ವಾರಾನ್ನ. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರು. ನಮ್ಮ ತಾತ ಹಾಗೆ ಓದಿದವರು. ಸೋಮವಾರ ಯಾರ ಮನೆ, ಮಂಗಳವಾರ ಯಾರ ಮನೆ ಅಂತ ಕೊನೆಗಾಲದಲ್ಲೂ ಬೆರಳೆಣಿಸಿ ಹೇಳುತ್ತಿದ್ದರು. ಬುಧವಾರದ ಬೆರಳು ಬಂದಾಗ ಸುಮ್ಮನೆ ಮಡಚಿಬಿಡುತ್ತಿದ್ದರು. ಬುಧವಾರಕ್ಕೆ ಮನೆ ಸಿಕ್ಕಿರಲಿಲ್ಲ. ಅವತ್ತು ಒಂದು ಹಿಡಿ ಕಡಲೆಪುರಿ, ಒಂದು ಚೊಂಬು ನೀರು. ಬುಧ ಗ್ರಹ, ಹೋರೆ ಯಾವುದೂ ಅಲ್ಲ, ಅವರಿಗೆ ಬುಧವಾರ ಅಂದರೆ ಆ ಕಡಲೆಪುರಿ.

ಸರದಿ ಅನ್ನುವ ಅರ್ಥ ಊರಿನ ಹೆಸರಿಗೂ ಹತ್ತಿಕೊಂಡಿದೆ. ಸಂತೆ ಊರಿಂದೂರಿಗೆ ಸರದಿಯ ಮೇಲೆ ಹೋಗುತ್ತದಲ್ಲ, ಹಾಗೆ. ಕೊಡಗಿನಲ್ಲಿ ಶನಿವಾರಸಂತೆ ಇದೆ, ಅಲ್ಲೇ ಹತ್ತಿರ ಸೋಮವಾರಪೇಟೆ ಇದೆ. ಚನ್ನಪಟ್ಟಣದಲ್ಲಿ ಮಂಗಳವಾರಪೇಟೆ, ಬೆಳಗಾವಿಯಲ್ಲಿ ರವಿವಾರ ಪೇಟೆ. ಪುಣೆಯಲ್ಲಂತೂ ಏಳು ದಿನಕ್ಕೂ ಒಂದೊಂದು ಪೇಟೆ. ಅಲ್ಲಿನ ಪೇಶ್ವೆಗಳ ಅರಮನೆ ಶನಿವಾರವಾಡೆಗೆ 1730ರಲ್ಲಿ ಬುನಾದಿ ಹಾಕಿದ್ದು ಶನಿವಾರ, 1732ರಲ್ಲಿ ಗೃಹಪ್ರವೇಶ ಆದದ್ದೂ ಶನಿವಾರ.

ನಿಮ್ಮ ಮಗಳು ಇಂಗ್ಲಿಷ್ ಹೆಸರುಗಳನ್ನೂ ಕೇಳಬಹುದು. ಸಂಡೆ, ಮಂಡೆ, ಸ್ಯಾಟರ್ಡೆ ನೇರ ಸೂರ್ಯ, ಚಂದ್ರ, ಶನಿ. ನಡುವಿನ ನಾಲ್ಕರಲ್ಲಿ ರೋಮನ್ ದೇವತೆಗಳನ್ನು ತೆಗೆದು ಉತ್ತರ ಯೂರೋಪಿನವರು ತಮ್ಮ ದೇವರನ್ನು ಕೂರಿಸಿದರು. ಹಾಗಾಗಿ ಥರ್ಸ್‌ಡೆ ಅನ್ನುವುದು ಥಾರ್ ಅನ್ನುವ ಗುಡುಗಿನ ದೇವರ ದಿನ. ಫ್ರೆಂಚರಲ್ಲಿ ಹಳೆಯದೇ ಉಳಿಯಿತು. ಅವರ ಮಂಗಳವಾರ "ಮಾರ್ದಿ", ಮಾರ್ಸ್ ಗ್ರಹದ್ದೇ. ಜಪಾನಿನಲ್ಲಿ ಮಂಗಳವಾರಕ್ಕೆ ಬೆಂಕಿಯ ದಿನ ಅನ್ನುತ್ತಾರೆ, ಮಂಗಳ ಅವರಿಗೆ ಬೆಂಕಿಯ ನಕ್ಷತ್ರ. ಈ ವಾರದ ಲೆಕ್ಕ ಭಾರತದಿಂದ ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನು ಮುಟ್ಟಿತು. ಈಗ ನಮ್ಮ ಮಂಗಳೂರು, ಉಡುಪಿ ಕಡೆಗೆ ಬನ್ನಿ. ತುಳುವಿನಲ್ಲಿ ಮಂಗಳವಾರ "ಅಂಗಾರೆ". ಅಂಗಾರ ಅಂದರೆ ಕೆಂಡ. ಆಕಾಶದಲ್ಲಿ ಕೆಂಡದ ಹಾಗೆ ಕೆಂಪಗೆ ಕಾಣುವವನು ಅಂಗಾರಕ. ಮಂಗಳವಾರ ಬರುವ ಸಂಕಷ್ಟಿಗೆ ಅಂಗಾರಕ ಸಂಕಷ್ಟಿ ಅಂತ ಎಲ್ಲರೂ ಹೇಳುತ್ತೇವೆ. ದಿನವನ್ನೇ ಹಾಗೆ ಕರೆಯುವ ರೂಢಿ ತುಳುವರ ಬಾಯಲ್ಲಿ ಉಳಿದಿದೆ.

ಇಂಥ ಮಾತುಗಳ ಬಗ್ಗೆ ನನಗೆ ಒಂದು ನೋವಿದೆ. ನಾನು ಚಿಕ್ಕವಳಿದ್ದಾಗ ಕ್ಲಾಸಿನಲ್ಲಿ "ಬೇಸ್ತವಾರ" ಅಂದೆ. ಮೇಷ್ಟ್ರು ನಿಲ್ಲಿಸಿ, "ಹಳ್ಳಿ ಮಾತು ಬಿಡು, ಗುರುವಾರ ಅನ್ನು" ಅಂತ ಹತ್ತು ಸಲ ಹೇಳಿಸಿದರು. ಮನೆಯಲ್ಲಿ ಅಜ್ಜಿ, ಅವ್ವ ಎಲ್ಲರೂ ಅನ್ನುತ್ತಿದ್ದದ್ದು ಬೇಸ್ತವಾರವೇ. ಆವತ್ತಿಂದ ನಾನು ಅದನ್ನು ಬಿಟ್ಟೆ. ಎಷ್ಟೋ ವರ್ಷದ ಮೇಲೆ ಶಾಸನದ ಪಾಠ ಓದುವಾಗ ಬೃಹಸ್ಪತಿವಾರ ಕಣ್ಣಿಗೆ ಬಿತ್ತು. ಬೃಹಸ್ಪತಿ ನಾಲಿಗೆಯಲ್ಲಿ ತಿರುಗಿ ತಿರುಗಿ ಸವೆದು ಬೇಸ್ತ ಆಗಿದೆ. ಅಜ್ಜಿ ತಪ್ಪು ಹೇಳಿರಲಿಲ್ಲ. ಧಾರವಾಡ, ವಿಜಯಪುರದ ಕಡೆಯ ಐತವಾರವೂ ಹಾಗೇ, ಕಲ್ಲಿನ ಮೇಲಿನ ಆದಿತ್ಯವಾರವೇ ಅದು.

ನಿಮ್ಮ ಮನೆಯಲ್ಲಿ ಯಾರಾದರೂ ಬೇಸ್ತವಾರ, ಐತವಾರ ಅನ್ನುವ ಹಿರಿಯರಿದ್ದರೆ, ಹಾಳೆಯ ಲೆಕ್ಕ ಮುಗಿದ ಮೇಲೆ ಮಗಳನ್ನು ಅವರ ಹತ್ತಿರ ಕಳಿಸಿ. ಏಳೂ ದಿನದ ಹೆಸರನ್ನು ಅವರ ಬಾಯಲ್ಲೇ ಹೇಳಿಸಿ ಬರೆದುಕೊಳ್ಳಲಿ. ಊರಿನ ಸಂತೆ ಯಾವ ವಾರ ಅಂತಲೂ ಕೇಳಲಿ.