‘ಆವು’ ಅಂದರೆ ಒಪ್ಪಿಗೆಯಾ?

ಉಳ್ಳಾಲದಲ್ಲಿರುವ ನನ್ನ ದೊಡ್ಡಮ್ಮನಿಗೆ ಈಗ 58 ವರ್ಷ. ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟುತ್ತಿದ್ದಾರೆ. ಮೊನ್ನೆ ಜಗಲಿಯಲ್ಲಿ ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಎಲೆಗೆ ಹೊಗೆಸೊಪ್ಪು ತುಂಬುತ್ತಿದ್ದರು. ಈ ಲೇಖನಕ್ಕಾಗಿ ಬರೆದುಕೊಂಡಿದ್ದ ಪ್ರಶ್ನೆಗಳ ಹಾಳೆ ಹಿಡಿದು ಪಕ್ಕದಲ್ಲಿ ಕೂತೆ. ‘ದೊಡ್ಡಮ್ಮ, ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಗೆ ಮನೆಯಲ್ಲೇ ನೀವೇ ಮಾದರಿ ತೆಗೆದು ಕೊಡಬಹುದು ಅಂದರೆ ಕೊಡ್ತೀರಾ?’

ತಲೆ ಎತ್ತದೆ ಹೇಳಿದರು: ‘ಆವು.’

ತುಳುವಿನ ಈ ‘ಆವು’ ನಮ್ಮ ಕಡೆಯವರಿಗೆಲ್ಲ ಗೊತ್ತು. ‘ಆಗಬಹುದು’ ಅಂತಲೂ ಆಗುತ್ತದೆ, ‘ಸರಿ ಮಾರಾಯ್ತಿ, ಈಗ ಬಿಡು’ ಅಂತಲೂ ಆಗುತ್ತದೆ. ಸಮೀಕ್ಷೆಗೆ ಬಂದವರಾದರೆ ‘ಒಪ್ಪುತ್ತೇನೆ’ ಅನ್ನುವಲ್ಲಿ ಗುರುತು ಹಾಕಿ ಮುಂದಿನ ಮನೆಗೆ ನಡೆಯುತ್ತಿದ್ದರು. ನಾನು ಕೂತೇ ಇದ್ದೆ. ‘ಈಗ ನಾನು ಕೇಳಿದ್ದು ಏನು, ನಿಮ್ಮ ಮಾತಲ್ಲಿ ಹೇಳಿ’ ಅಂದೆ. ‘ಗಂಟಲಿನ ಕ್ಯಾನ್ಸರ್ ಅಲ್ವಾ? ಕಂಠ ಅಂದೆಯಲ್ಲ’ ಅಂದರು.

ನನಗೆ ನಿಜಕ್ಕೂ ದಿಗಿಲಾಯಿತು. ನಮ್ಮ ಕರಪತ್ರಗಳಲ್ಲೆಲ್ಲ ‘ಗರ್ಭಕಂಠ’ ಅಂತಲೇ ಇರುತ್ತದೆ. ‘ಗರ್ಭಕೋಶದ ಬಾಯಿ’ ಅಂದ ಮೇಲೆ ಅವರ ಕೈ ನಿಂತಿತು, ಮುಖ ನೋಡಿದರು.

ಈ ಕಾಯಿಲೆಯ ಲೆಕ್ಕ ಸಣ್ಣದಲ್ಲ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಇದು ಬಂದಿದೆ, ಸುಮಾರು 80 ಸಾವಿರ ಜನ ತೀರಿಕೊಂಡಿದ್ದಾರೆ. ಸಂಕಟವಾಗುವುದು ಯಾಕೆಂದರೆ ಇದು ನಿಧಾನವಾಗಿ ಬರುವ ಕ್ಯಾನ್ಸರ್. ಹೆಚ್ಚುಕಡಿಮೆ ಎಲ್ಲ ಪ್ರಕರಣಗಳ ಹಿಂದೆಯೂ ಇರುವುದು ಎಚ್‌ಪಿವಿ ಎಂಬ ವೈರಸ್. ಈ ವೈರಸ್ ಬಂದವರಲ್ಲಿ ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಬಿಡದೆ ಉಳಿಯುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು, ಹದಿನೈದು, ಇಪ್ಪತ್ತು ವರ್ಷ ಬೇಕು. ಹಿಡಿಯಲು ಅಷ್ಟು ಸಮಯ ಇದೆ! ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ಶೇ 1.9 ಮಾತ್ರ.

ಜೀವಕೋಶದ ಆಕಾರ ನೋಡುವ ಹಳೆಯ ತಪಾಸಣೆಯಾದ ಪ್ಯಾಪ್ ಪರೀಕ್ಷೆಗೆ ಗರ್ಭಕೋಶದ ಬಾಯಿಯಿಂದಲೇ ಜೀವಕೋಶ ತೆಗೆಯಬೇಕು. ಅದಕ್ಕೆ ಮೇಜು, ಬೆಳಕು, ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಎಂಬ ಉಪಕರಣ, ಡಾಕ್ಟರ್ ಅಥವಾ ನರ್ಸ್ ಎಲ್ಲ ಬೇಕು. ಎಚ್‌ಪಿವಿ ಪರೀಕ್ಷೆ ಹಾಗಲ್ಲ. ಅದು ಜೀವಕೋಶದ ಆಕಾರ ನೋಡುವುದಿಲ್ಲ, ವೈರಸ್‌ನ ಡಿಎನ್‌ಎ ಹುಡುಕುತ್ತದೆ. ಆ ಡಿಎನ್‌ಎ ಯೋನಿಯ ಒಳಗೋಡೆಯ ದ್ರವದಲ್ಲೂ ಸಿಗುತ್ತದೆ. ಹಾಗಾಗಿ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನೇ ಉದ್ದ ಮಾಡಿದಂತಿರುವ ಒಂದು ಕಡ್ಡಿ ಸಾಕು. ಕೈ ತೊಳೆದು, ಕಡ್ಡಿಯನ್ನು ಮೆಲ್ಲಗೆ ಒಳಗಿಟ್ಟು, ಕೆಲವು ಸುತ್ತು ತಿರುಗಿಸಿ, ಕೊಳವೆಗೆ ಹಾಕಿ ಮುಚ್ಚಳ ಬಿಗಿಯುವುದು. ಅಷ್ಟೇ. ಉಳಿದದ್ದನ್ನು ಲ್ಯಾಬಿನಲ್ಲಿ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸಿ ಪತ್ತೆಹಚ್ಚುವ ಪಿಸಿಆರ್ ನೋಡಿಕೊಳ್ಳುತ್ತದೆ, ಕೋವಿಡ್ ಕಾಲದಲ್ಲಿ ನಾವೆಲ್ಲ ಕೇಳಿದ ಅದೇ ಪಿಸಿಆರ್. ಈ ವಿಧಾನದಲ್ಲಿ ಹೆಂಗಸರೇ ತೆಗೆದ ಮಾದರಿಯೂ ಡಾಕ್ಟರ್ ತೆಗೆದಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2018ರ ವಿಶ್ಲೇಷಣೆ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿದೆ. ಆಸ್ಟ್ರೇಲಿಯಾದಲ್ಲಿ 2022ರ ಜುಲೈಯಿಂದ ತಪಾಸಣೆಗೆ ಬರುವ ಎಲ್ಲ ಹೆಂಗಸರಿಗೂ ಈ ಆಯ್ಕೆ ಇದೆ.

ವಿಜ್ಞಾನ ಸಿದ್ಧವಾಗಿದೆ. ನಮ್ಮ ಹೆಂಗಸರ ಮನಸ್ಸಿನಲ್ಲಿ ಏನಿದೆ? ಅದನ್ನು ಅಳೆಯುವುದು ಹೇಗೆ?

ಒಂದೇ ಪ್ರಶ್ನೆ ಸಾಲದು. 1932ರಲ್ಲಿ ರೆನ್ಸಿಸ್ ಲಿಕರ್ಟ್ ಎಂಬ ಮನೋವಿಜ್ಞಾನಿ ತೋರಿಸಿಕೊಟ್ಟ ದಾರಿ ಇವತ್ತಿಗೂ ಬಳಕೆಯಲ್ಲಿದೆ. ಪ್ರಶ್ನೆಯ ಬದಲು ಹಲವು ಹೇಳಿಕೆ ಕೊಟ್ಟು, ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಮೆಟ್ಟಿಲು ಇಡುವುದು, ಪ್ರತಿ ಮೆಟ್ಟಿಲಿಗೂ ಒಂದು ಅಂಕ. ಇದರಲ್ಲಿ ಜಾಣತನ ಇರುವುದು ಹೇಳಿಕೆಗಳನ್ನು ಬೆರೆಸುವುದರಲ್ಲಿ. ‘ಮಾದರಿಯನ್ನು ನಾನೇ ಸರಿಯಾಗಿ ತೆಗೆಯಬಲ್ಲೆ’ ಅಂತ ಒಂದು ಕಡೆ, ನಾಲ್ಕಾರು ಹೇಳಿಕೆಗಳ ನಂತರ ‘ನಾನು ತೆಗೆದರೆ ತಪ್ಪಾಗುತ್ತದೆ’ ಅಂತ ಇನ್ನೊಂದು ಕಡೆ. ಎರಡಕ್ಕೂ ಒಪ್ಪಿದರೆ ಅದು ಬರೀ ‘ಆವು’. ಕೇಳುವವರ ಮರ್ಯಾದೆಗಾಗಿ ಹೂಂ ಅಂದದ್ದು.

ನನಗೆ ಒಂದು ವಿಷಯದಲ್ಲಿ ಆತಂಕ ಇದೆ. ಎಲ್ಲ ಅಂಕ ಕೂಡಿಸಿ ‘ಒಟ್ಟು ಮನೋಭಾವ ಇಷ್ಟು’ ಅಂತ ಒಂದೇ ಸಂಖ್ಯೆ ಹೇಳಿಬಿಟ್ಟರೆ ಮುಖ್ಯವಾದದ್ದೇ ಮುಚ್ಚಿಹೋಗುತ್ತದೆ. ಒಬ್ಬರಿಗೆ ನಾಚಿಕೆ ಇಲ್ಲ, ಆದರೆ ತನ್ನ ಕೈಮೇಲೆ ನಂಬಿಕೆ ಇಲ್ಲ. ಇನ್ನೊಬ್ಬರಿಗೆ ಕೈಮೇಲೆ ನಂಬಿಕೆ ಇದೆ, ಆದರೆ ಫಲಿತಾಂಶದ ಭಯ. ಇಬ್ಬರ ಅಂಕವೂ ಒಂದೇ ಬರಬಹುದು. ಮೊದಲನೆಯವರಿಗೆ ಆಶಾ ಕಾರ್ಯಕರ್ತೆ ಎದುರು ಕೂತು ಒಮ್ಮೆ ತೋರಿಸಿಕೊಟ್ಟರೆ ಸಾಕು. ಎರಡನೆಯವರಿಗೆ ‘ವೈರಸ್ ಇದೆ ಅಂದರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ, ಮುಂದಿನ ಪರೀಕ್ಷೆ ಆಗಬೇಕು ಅಂತ ಅಷ್ಟೇ’ ಎಂದು ಬಿಡಿಸಿ ಹೇಳಬೇಕು. ಆ ಮುಂದಿನ ಪರೀಕ್ಷೆಗೆ ಆಸ್ಪತ್ರೆಗೇ ಹೋಗಬೇಕು. ‘ವೈರಸ್ ಇದೆ ಅಂತ ಬಂದರೆ ಹೋಗ್ತೀರಾ?’ ಅನ್ನುವುದನ್ನು ಕೇಳದ ಪ್ರಶ್ನಾವಳಿ ಅರ್ಧದಲ್ಲೇ ನಿಂತ ಹಾಗೆ.

‘ಮನೆಯಲ್ಲೇ’ ಅನ್ನುವ ಮಾತನ್ನೂ ಬಿಡಿಸಿ ನೋಡಬೇಕು. ಮನೆ ಅಂದರೆ ಏಕಾಂತ ಅಂತ ನಾವು ಅಂದುಕೊಂಡುಬಿಡುತ್ತೇವೆ. ದೊಡ್ಡಮ್ಮನ ಮನೆಯ ಬಚ್ಚಲು ಹಿತ್ತಲಲ್ಲಿದೆ. ಬಾಗಿಲಿಗೆ ಚಿಲಕ ಇದೆ, ಆದರೆ ಹೊರಗೆ ಯಾರಾದರೂ ಕಾಯುತ್ತಲೇ ಇರುತ್ತಾರೆ. ಕೊಳವೆಯನ್ನು ರಾತ್ರಿ ಎಲ್ಲಿಡುವುದು? ಸೊಸೆ ಕೇಳಿದರೆ ಏನು ಹೇಳುವುದು? ಮಲ್ಪೆಯಲ್ಲಿ ಬೆಳಗಾಗುವ ಮೊದಲೇ ಮೀನಿಗೆ ಹೊರಡುವ ಹೆಂಗಸಿಗೆ ಯಾವ ಹೊತ್ತು ಅನುಕೂಲ? ಕೆಲವರಿಗೆ ಅಂಗನವಾಡಿಯ ಒಳಕೋಣೆಯೇ ಮನೆಗಿಂತ ಮೇಲು ಅನಿಸಬಹುದು.

ಕೊನೆಗೂ ಮಾತು ಬೇರೆ, ಮಾಡುವುದು ಬೇರೆ. ಕಿಟ್ ಕೈಗೆ ಕೊಟ್ಟು, ಎಷ್ಟು ಕೊಳವೆ ವಾಪಸ್ ಬಂತು ಅಂತ ಎಣಿಸಿದಾಗಲೇ ಉತ್ತರಗಳ ಗಟ್ಟಿತನ ತಿಳಿಯುವುದು.

ಹಾಳೆಯಲ್ಲಿದ್ದ ಪ್ರಶ್ನೆಗಳೆಲ್ಲ ಮುಗಿದವು. ಹೊರಡಲು ಎದ್ದಾಗ ದೊಡ್ಡಮ್ಮ ಬೀಡಿಗೆ ನೂಲು ಸುತ್ತುತ್ತಾ ಕೇಳಿದರು: ‘ಫಲಿತಾಂಶದ ಫೋನು ಯಾರಿಗೆ ಬರ್ತದೆ? ನನ್ನ ನಂಬರು ಅಂತ ಎಲ್ಲ ಕಡೆ ಕೊಟ್ಟದ್ದು ಮಗನದ್ದು.’

ಈ ಪ್ರಶ್ನೆ ನನ್ನ ಹಾಳೆಯಲ್ಲಿ ಇರಲಿಲ್ಲ. ಮತ್ತೆ ಕೂತು ಬರೆದುಕೊಂಡೆ.